ಉಜ್ಜಿದ ಬಿಲ್ಲೆಗಳು

ಅನಿಲ್‌ಕುಮಾರ್ ಇಸ್ಪೀಟೆಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಬೆನ್ನ ಮೇಲೆ ದುಂಡನೆಯ ಕಲೆಯಿತ್ತು. ಇನ್ನೊಂದನ್ನು ಎತ್ತಿದ. ಅದರಲ್ಲೂ ಇತ್ತು. ಮಗುಚಿದರೆ ಒಂದು ಇಸ್ಪೀಟ್ ಎಕ್ಕ, ಇನ್ನೊಂದು ಆಟೀನ್ ರಾಜ.

"ಶಾನವಾಜ್, ಫ್ಯಾನ್ ಆಫ್ ಮಾಡು. ಯಾರೂ ಎಲೆ ಮುಟ್ಬೇಡಿ."

ಮಾಲೂರಿನಲ್ಲಿ ಶಾನವಾಜನ ಮನೆಯ ಮಹಡಿ. ಹೈಸ್ಕೂಲಿನಿಂದ ಜೊತೆಗಿದ್ದ ಅನಿಲ್‌ಕುಮಾರ್, ಶಾನವಾಜ್, ಕಾಂತರಾಜ ಮೂವರೂ ಭಾನುವಾರ ಮಧ್ಯಾಹ್ನ ಅಲ್ಲಿ ಚಾಪೆ ಹಾಸಿ ಪೋಕರ್ ಆಡುತ್ತಿದ್ದರು. ಸೋತವನು ಮುಂದಿನ ವಾರದ ಬಿರಿಯಾನಿ ಕೊಡಿಸಬೇಕು, ಅಷ್ಟೇ.

ಅನಿಲ್‌ಕುಮಾರ್ ಎಲೆಗಳನ್ನೆಲ್ಲ ಬೆನ್ನು ಮೇಲಾಗಿ ಹರಡಿದ. ಕಲೆಯಿದ್ದವನ್ನು ಪಕ್ಕಕ್ಕೆಳೆದು ಮಗುಚಿದ. ಎಕ್ಕಗಳು, ರಾಜರು, ಒಂದೆರಡು ರಾಣಿಯರು. ಚಿಕ್ಕ ಎಲೆಗಳು ಶುಭ್ರವಾಗಿದ್ದವು. ಒಂದೊಂದು ಕಲೆಯೂ ಸರಿಯಾಗಿ ಆಟದ ಬಿಲ್ಲೆಯಷ್ಟಗಲ.

"ಹೋದ್ವಾರ ಬಿಲ್ಲೆ ಯಾರ ಮನೇಲಿದ್ವು?" ಎಂದ.

ಶಾನವಾಜ್ ಆನ್‌ಲೈನಿನಲ್ಲಿ ತರಿಸಿದ್ದ ಪಣಕ್ಕಿಡುವ ಪ್ಲಾಸ್ಟಿಕ್ ಬಿಲ್ಲೆಗಳು ಒದ್ದೆ ಸೋಪಿನಂತೆ ಜಾರುತ್ತಿದ್ದವು. ಪೇರಿಸಿದರೆ ನಿಲ್ಲುತ್ತಿರಲಿಲ್ಲ. "ಇವು ಕೈಗೆ ಕೂರಲ್ಲ ಕಣೋ, ಉಜ್ಜಿ ತರ್ತೀನಿ ಕೊಡು" ಎಂದು ಕಾಂತರಾಜನೇ ಒಯ್ದಿದ್ದ. ಶಿವಾರಪಟ್ಟಣದಲ್ಲಿ ಅವನದು ಮೂರ್ತಿ ಕೆತ್ತುವ ಕೆಲಸ. ದೇವರ ಕೆನ್ನೆ ನಯ ಮಾಡುವ ಉಪ್ಪುಕಾಗದದಲ್ಲೇ ಒಂದೊಂದು ಬಿಲ್ಲೆಯ ಹೊಳಪನ್ನೂ ಕೆರೆದು ತೆಗೆದಿದ್ದ. ಅಂಚಿಗೆ ಅರ ಹಿಡಿದು ಸಣ್ಣ ಗೀರು ಹಾಕಿದ್ದ. ಈಗ ಬಿಲ್ಲೆಗಳು ಬೆರಳಿಗೆ ಸಿಕ್ಕಿಕೊಳ್ಳುತ್ತಿದ್ದವು, ಒಂದರ ಮೇಲೊಂದು ಗಟ್ಟಿಯಾಗಿ ಕೂರುತ್ತಿದ್ದವು. ಮೊದಲ ಆಟದಲ್ಲಿ ಅದನ್ನು ಹೊಗಳಿದವನೂ ಅನಿಲ್‌ಕುಮಾರನೇ.

"ನಾನ್ಯಾಕೋ ಗುರುತು ಹಾಕ್ಲಿ? ಬಿರಿಯಾನಿಗಾ?" ಕಾಂತರಾಜ ನಕ್ಕ. ಬೇರೆ ಯಾರೂ ನಗಲಿಲ್ಲ.

"ಬಿರಿಯಾನಿಗೇ ಹಿಂಗೆ ಮಾಡೋನು ದೊಡ್ಡದಕ್ಕೆ ಏನ್ ತಾನೇ ಮಾಡಲ್ಲ?" ಎಂದ ಅನಿಲ್‌ಕುಮಾರ್.

ದೊಡ್ಡದು ಯಾವುದೆಂದು ಮೂವರಿಗೂ ಗೊತ್ತಿತ್ತು. ಅನಿಲ್‌ಕುಮಾರನ ಅಪ್ಪ ದೊಡ್ಡಮುನಿಯಪ್ಪ ಲಕ್ಕೂರಿನಲ್ಲಿ ಊರವರನ್ನು ಸೇರಿಸಿ ಗಂಗಮ್ಮನ ಗುಡಿ ಕಟ್ಟಿಸುತ್ತಿದ್ದರು. ಮಗ ಹೇಳಿದನೆಂದೇ ಮೂರ್ತಿಯ ಕೆಲಸವನ್ನು ಕಾಂತರಾಜನಿಗೆ ಕೊಟ್ಟಿದ್ದರು. ಇಷ್ಟು ವರ್ಷ ಮಾವನ ಶೆಡ್ಡಿನಲ್ಲಿ ಬೇರೆಯವರ ಮೂರ್ತಿಗಳಿಗೆ ಕೈಬೆರಳು, ಸೆರಗು ಬಿಡಿಸಿಕೊಂಡಿದ್ದವನು ಸ್ವಂತವಾಗಿ ಕೆತ್ತಿದ ಮೊದಲ ದೇವರು ಅದು. ನಾಳೆ ಬೆಳಿಗ್ಗೆ ದೊಡ್ಡಮುನಿಯಪ್ಪ ಬಂದು ನೋಡಿ ಒಪ್ಪಬೇಕಿತ್ತು.

ಶಾನವಾಜನ ಹೆಂಡತಿ ಶಿರೀನ್ ಟೀ ತಂದಳು. ತಟ್ಟೆ ಇಡಲು ಬಿಲ್ಲೆಗಳನ್ನು ಸರಿಸಿದವಳು ಬೆರಳು ಮೂಸಿದಳು.

"ಇದೇನ್ ಕಾಂತಣ್ಣ, ಕಡ್ಲೇಕಾಯಿ ಎಣ್ಣೆ ವಾಸ್ನೆ! ಬೋಂಡ ಕರ್ದ್ರಾ ಇದ್ರಲ್ಲಿ?"

ಒಂದು ಬಿಲ್ಲೆಯನ್ನು ಪೇಪರಿನ ಮೇಲೆ ಒತ್ತಿ ತೆಗೆದಳು. ದುಂಡನೆಯ ಕಲೆ ನಿಧಾನವಾಗಿ ಮೂಡಿತು.

ಕಾಂತರಾಜ ಹಣೆ ಚಚ್ಚಿಕೊಂಡ. "ಅಯ್ಯೋ! ಉಜ್ಜಾದ್ಮೇಲೆ ಬೆಳ್ಳಗೆ ಕಾಣ್ತಿದ್ವು. ಮೂರ್ತಿಗೆ ಹಚ್ಚೋ ಹಂಗೇ ಎಣ್ಣೆ ಬಟ್ಟೆ ಆಡಿಸ್ಬಿಟ್ಟಿದೀನಿ. ಕೈ ಅಭ್ಯಾಸ ಕಣೋ. ಒರೆಸ್ದೆ, ಆದ್ರೂ ಒಳಗೆ ಕೂತಿದೆ."

"ನೋಡ್ದಾ?" ಶಾನವಾಜನಿಗೆ ಉಸಿರು ಬಂತು. "ಎಲೆ ಗಾಳಿಗೆ ಹಾರ್ಬಾರ್ದು ಅಂತ ಮೇಲೊಂದು ಬಿಲ್ಲೆ ಇಡ್ತೀವಲ್ಲ. ಚಿಕ್ಕ ಎಲೆ ಬಂದ್ರೆ ತಕ್ಷಣ ಪ್ಯಾಕ್ ಅಂತ ಎಸೀತೀವಿ. ಎಕ್ಕ, ರಾಜ ಬಂದ್ರೆ ಕೊನೇವರ್ಗೂ ಬಿಲ್ಲೆ ಕೆಳಗಿರುತ್ತೆ. ಅದಕ್ಕೇ ಅವುಗಳ ಮೇಲೇ ಕಲೆ. ಯಾರೂ ಹಾಕಿದ್ದಲ್ಲಪ್ಪಾ."

ಅನಿಲ್‌ಕುಮಾರ್ ಟೀ ಮುಟ್ಟಲಿಲ್ಲ. "ಸರಿ, ಎಣ್ಣೆ ಮರ್ತು ಹಚ್ದೆ. ಕಲೆ ಯಾವಾಗ ಕಂಡ್ತು ನಿಂಗೆ?"

"ಈಗ್ಲೇ. ನೀನು ತೋರಿಸ್ದಾಗ."

"ಕಲ್ಲಲ್ಲಿ ಕೂದಲಷ್ಟು ಬಿರುಕಿದ್ರೂ ಹತ್ತಡಿ ದೂರದಿಂದ ಹೇಳ್ತೀಯ. ಇದು ಕಾಣ್ಲಿಲ್ವಾ? ಹಿಂದಿನ ಆಟದಲ್ಲಿ ಪ್ಯಾಕ್ ಅಂದ್ಯಲ್ಲ, ಆ ಎಲೆ ನಾನು ಆಮೇಲೆ ಮಗುಚಿ ನೋಡ್ದೆ. ಜೋಡಿ ರಾಣಿ. ಜೋಡಿ ರಾಣಿ ಇಟ್ಕೊಂಡು ಯಾವನ್ಲಾ ಪ್ಯಾಕ್ ಅಂತಾನೆ?"

ಕಾಂತರಾಜ ಲೋಟ ಕೆಳಗಿಟ್ಟ. ಆ ಆಟದಲ್ಲಿ ಅನಿಲ್‌ಕುಮಾರನ ಕೈಯಲ್ಲಿದ್ದ ಎರಡೂ ಎಲೆಗಳ ಬೆನ್ನ ಮೇಲೆ ಕಲೆಯಿತ್ತು. ಅದಕ್ಕಿಂತ ಮುಂಚೆ ಒಂದು ಎಕ್ಕದ ಮೇಲೂ ಅಂಥದ್ದೇ ಕಂಡಿದ್ದರಿಂದ ಇವೂ ದೊಡ್ಡ ಎಲೆಗಳೆಂದು ಹೊಳೆದಿತ್ತು. ಹೇಳಬೇಕೆಂದು ಬಾಯಿ ತೆರೆದಿದ್ದ. ಬಾಯಿಂದ ಬಂದದ್ದು ಪ್ಯಾಕ್.

"ಕಂಡ್ತು. ಆ ಒಂದ್ಸಲ," ಎಂದ.

ಶಿರೀನ್ ತಟ್ಟೆ ಎತ್ತಿಕೊಂಡು ಕೆಳಗಿಳಿದಳು. ಶಾನವಾಜ್ ಬಿಲ್ಲೆಗಳನ್ನು ಡಬ್ಬಿಗೆ ತುಂಬತೊಡಗಿದ.

ಅನಿಲ್‌ಕುಮಾರ್ ಎದ್ದು ನಿಂತ. "ಎಣ್ಣೆ ಹಚ್ಚಿದ್ರೆ ಬಿರುಕು ಮುಚ್ಕೊಂಡ್ಬಿಡುತ್ತೆ ಅಂತ ನೀನೇ ಹೇಳಿದ್ದೆ, ಅಲ್ವಾ?"

"ನನ್ನ ಕಲ್ಲಲ್ಲಿ ಬಿರುಕಿಲ್ಲ ಕಣೋ."

"ಭಿನ್ನ ಆದ ಮೂರ್ತಿ ಕೂರಿಸಿದ್ರೆ ಊರೋರು ನಮ್ಮಪ್ಪನ್ನ ಬಿಡಲ್ಲ. ನಾಳೆ ನಾನೂ ಬರ್ತೀನಿ. ಎಣ್ಣೆ ಹಚ್ಬೇಡ. ಹಚ್ಚಿದ್ರೆ ತೊಳ್ದಿಡು."

ಹಚ್ಚಿ ಆಗಿತ್ತು. ಸಂಜೆ ಕಾಂತರಾಜ ಶೆಡ್ಡಿನ ಹೊರಗೆ ಸೀಗೇಕಾಯಿ ಪುಡಿ ಕಲಸಿ, ತೆಂಗಿನ ನಾರಿನಿಂದ ಗಂಗಮ್ಮನನ್ನು ತಿಕ್ಕತೊಡಗಿದ. ಕಪ್ಪು ನೀರು ಪಾದದ ಸುತ್ತ ಹರಿದು ಮಣ್ಣಿಗಿಳಿಯಿತು. ಮಿರುಗುತ್ತಿದ್ದ ಮುಖ ಒಣಗುತ್ತ ಬೂದಿಯ ಬಣ್ಣಕ್ಕೆ ತಿರುಗಿತು. ಕಲ್ಲು ಆರಿಸುವಾಗ ಸುತ್ತಿಗೆಯಿಂದ ತಟ್ಟಿ, ಕಿವಿಯಿಟ್ಟು ನಾದ ಕೇಳಿ, ಬಿರುಕಿಲ್ಲವೆಂದು ಖಚಿತ ಮಾಡಿಕೊಂಡವನು ಅವನೇ. ಆದರೂ ಕತ್ತಿನ ಸುತ್ತ ಹೆಬ್ಬೆರಳ ಉಗುರು ಎಳೆದ. ಉಗುರು ಎಲ್ಲೂ ಸಿಕ್ಕಲಿಲ್ಲ. ಬೆಳಕು ಇನ್ನೂ ಇತ್ತು. ಮೂರ್ತಿಯ ಇನ್ನೊಂದು ಪಕ್ಕಕ್ಕೆ ಹೋಗಿ, ಕಿವಿಯ ಕೆಳಗಿನಿಂದ ಮತ್ತೆ ಶುರು ಮಾಡಿದ.