ಅರ್ಧ ಮಿಲಿಮೀಟರ್

ಹೆಬ್ಬೆರಳು ಎಗರಿತು. ಉಳಿದ ನಾಲ್ಕು ಬೆರಳುಗಳು ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕುರ್ಚಿಯ ತೋಳಿನ ಮೇಲೆ ಬಿದ್ದಿದ್ದವು. ಬಲಗೈಯ ಹೆಬ್ಬೆರಳೊಂದು ಮಾತ್ರ, ಒಳಗಿನಿಂದ ಯಾರೋ ದಾರ ಜಗ್ಗಿದ ಹಾಗೆ, ಚೂರು ಹಾರಿ ಮತ್ತೆ ಮಲಗಿತು.

"ಸಿಕ್ತು," ಎಂದ ಆಸ್ಪತ್ರೆಯ ಟೆಕ್ನಿಷಿಯನ್, ಗಾಳಕ್ಕೆ ಮೀನು ಬಿದ್ದವನ ಖುಷಿಯಲ್ಲಿ. ಯಂತ್ರಕ್ಕೆ ಸೇರಿದ ಎಂಟರ ಆಕಾರದ ತಂತಿಸುರುಳಿಯನ್ನು ತಲೆಯ ಎಡಭಾಗದಿಂದ ಎತ್ತಿ, ಬಟ್ಟೆಯ ಟೋಪಿಯ ಮೇಲೆ ಅದಿದ್ದ ಜಾಗಕ್ಕೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟ. ಅಲ್ಲಿಂದ ಹಣೆಯ ಕಡೆಗೆ ಟೇಪು ಹಿಡಿದು ಐದೂವರೆ ಸೆಂಟಿಮೀಟರ್ ಅಳೆದು ಇನ್ನೊಂದು ಚುಕ್ಕೆ ಇಟ್ಟ. ಮೊದಲನೆಯದು ಬೆರಳಿನ ಮನೆ, ಎರಡನೆಯದು ಮನಸ್ಸು ಕುಸಿದವರಲ್ಲಿ ಮಂಕಾಗಿಬಿಡುವ ಜಾಗ, ಇನ್ನು ವಾರಕ್ಕೆ ಐದು ದಿನದಂತೆ ಆರು ವಾರ ಅಯಸ್ಕಾಂತದಿಂದ ಅಲ್ಲಿ ಬಾಗಿಲು ತಟ್ಟುವುದು ತನ್ನ ಕೆಲಸ ಎಂದು ವಿವರಿಸಿದ. ನೋವಾಗುತ್ತದೆಯೇ ಎಂದು ಅಕ್ಕ ಕೇಳಿದಳು. ಮರಕುಟಿಗ ತಲೆ ಮೇಲೆ ಕೂತ ಹಾಗಿರುತ್ತದೆ, ಎರಡು ದಿನದಲ್ಲಿ ಒಗ್ಗುತ್ತದೆ ಎಂದ. ಕುರ್ಚಿಯಲ್ಲಿದ್ದ ತಮ್ಮನನ್ನು ಶುರು ಮಾಡಲೇ ಎಂದು ಕೇಳಿದ್ದಕ್ಕೆ ಅವನು ಹೂಂ ಅಂದ.

ಎಲ್ಲದಕ್ಕೂ ಹೂಂ. ಆರು ತಿಂಗಳಿಂದ ಅವನ ಬಾಯಲ್ಲಿ ಉಳಿದಿದ್ದು ಅದೊಂದೇ.

ತಮ್ಮ ದರ್ಜಿ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ, ಬಾಯಿ ಅದಕ್ಕಿಂತ ಜೋರು. ಗಿರಾಕಿ ತಂದ ಬಣ್ಣ ಗಿರಾಕಿಗೆ ಒಪ್ಪುವುದಿಲ್ಲ ಎನಿಸಿದರೆ ಬಟ್ಟೆ ಮಡಚಿ ವಾಪಸು ಕೊಟ್ಟುಬಿಡುತ್ತಿದ್ದ. ಮನೆಯವರು ಅವನಿಗೆ ಇಟ್ಟ ಹೆಸರು ತಕರಾರು. ಮದುವೆಗೂ ತಕರಾರು ತೆಗೆದು, ಅಂಗಡಿಯ ಹಿಂದಿನ ಕೋಣೆಯಲ್ಲೇ ಹಾಸಿಗೆ, ಒಲೆ, ರೇಡಿಯೋ ಇಟ್ಟುಕೊಂಡು ಇಪ್ಪತ್ತು ವರ್ಷ ಕಳೆದಿದ್ದ. ಒಂದು ದಿನ ಪಕ್ಕದ ಕನ್ನಡಕದಂಗಡಿಯವರು ಅಕ್ಕನಿಗೆ ಫೋನ್ ಮಾಡಿದರು: ಮೂರು ದಿನದಿಂದ ಷಟರ್ ಎತ್ತಿಲ್ಲ, ಒಳಗೆ ರೇಡಿಯೋ ಮಾತ್ರ ಹಾಡುತ್ತಿದೆ. ಅವಳು ಹೋಗಿ ನೋಡಿದರೆ, ಕತ್ತರಿಸಿಟ್ಟ ಕೋಟಿನ ತೋಳು, ಬೆನ್ನು, ಕಾಲರುಗಳ ನಡುವೆ ಅವನೂ ಹೊಲಿಯದೆ ಉಳಿದ ತುಂಡಿನ ಹಾಗೆ ಬಿದ್ದಿದ್ದ. ಎದ್ದೇಳೋ ಅಂದಳು. ಹೂಂ ಅಂದ. ಏಳಲಿಲ್ಲ.

ಅವಳೇ ಎಬ್ಬಿಸಿ ತನ್ನ ಮನೆಗೆ ಕರೆತಂದಳು. ಮೂರು ಬಗೆಯ ಮಾತ್ರೆಗಳನ್ನು ಒಂದಾದ ಮೇಲೊಂದು ಕೊಟ್ಟು ನೋಡಿದ ಡಾಕ್ಟರು ಕೊನೆಗೆ ಈ ಯಂತ್ರದ ಮಾತೆತ್ತಿದ್ದರು. ಎಲ್ಲರಿಗೂ ಹಿಡಿಯುವುದಿಲ್ಲ ಎಂದೂ ಸೇರಿಸಿದ್ದರು.

ಅಕ್ಕ ಶಾಲೆಯೊಂದರಲ್ಲಿ ಪ್ರಯೋಗಾಲಯದ ಸಹಾಯಕಿ. ಬೆಳಗಿನ ಮೊದಲೆರಡು ಪೀರಿಯಡ್ ಬಿಡುವು ಮಾಡಿಸಿಕೊಂಡು, ಕಿವಿಗೆ ಸ್ಪಂಜಿನ ಬಿರಡೆ ತುರುಕಿ, ದಿನವೂ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದಳು. ನಾಲ್ಕು ಸೆಕೆಂಡು ಟಕಟಕ, ಅರ್ಧ ನಿಮಿಷ ಮೌನ. ಕಾಗದದ ಕೆಳಗೆ ಅಯಸ್ಕಾಂತ ಹಿಡಿದರೆ ಮೇಲಿನ ಕಬ್ಬಿಣದ ಪುಡಿ ಸಾಲಾಗಿ ಎದ್ದು ನಿಲ್ಲುವುದನ್ನು ಎಷ್ಟು ವರ್ಷದಿಂದ ಮಕ್ಕಳಿಗೆ ತೋರಿಸಿದ್ದಳೋ. ಇವನ ತಲೆಯೊಳಗೂ ಚೆದುರಿದ್ದೇನೋ ಹಾಗೆ ಎದ್ದು ನಿಲ್ಲಬಾರದೇ ಎಂದು ಕಾಯುತ್ತಿದ್ದಳು.

ಕಾಯುತ್ತಿದ್ದಳು ಎಂಬುದು ಪೂರ್ತಿ ನಿಜವಲ್ಲ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಈಗ ಮನೆಗೆ ಬಂದರೆ ಒಳಗೊಂದು ಜೀವ ಇರುತ್ತಿತ್ತು. ಬಡಿಸಿದ್ದನ್ನು ತಿನ್ನುತ್ತಿತ್ತು, ಹಾಕಿದ ಚಾನೆಲ್ ನೋಡುತ್ತಿತ್ತು. ಹುಟ್ಟಿದಾಗಿನಿಂದ ಮೊದಲ ಸಲ ತಮ್ಮ ಅವಳ ಮಾತು ಕೇಳುತ್ತಿದ್ದ. ಈ ಮನೆಯ ಹಿಂದಿನ ಕೋಣೆ ನಿನಗೇ ಇರಲಿ, ಅಂಗಡಿ ಬಿಟ್ಟುಬಿಡೋಣ, ಮಷೀನನ್ನು ಇಲ್ಲಿಗೇ ತರಿಸೋಣ ಎಂದಾಗಲೂ ಹೂಂ ಅಂದಿದ್ದ. ಮುಂದಿನ ತಿಂಗಳ ಕೊನೆಗೆ ಖಾಲಿ ಮಾಡುವುದಾಗಿ ಅವಳು ಅಂಗಡಿಯ ಮಾಲೀಕರಿಗೆ ತಿಳಿಸಿಯಾಗಿತ್ತು. ಅವನಿಗೆಂದು ಬಟ್ಟೆ ಕತ್ತರಿಸುವ ಮೇಜನ್ನೂ ಬಡಗಿಗೆ ಹೇಳಿದ್ದಳು. ಈ ಹೂಂ ಆರೋಗ್ಯದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸ್ವಲ್ಪ ಸುಖವಾಗಿದ್ದಳು.

ನಾಲ್ಕನೆಯ ವಾರದ ಮೊದಲ ದಿನ ಟೆಕ್ನಿಷಿಯನ್ ಹೆಬ್ಬೆರಳಿನ ಜಾಗವನ್ನು ಇನ್ನೊಮ್ಮೆ ಹುಡುಕಿ, ಚುಕ್ಕೆ ಇಟ್ಟು, ಟೇಪು ಚಾಚಿದ.

"ಟೇಪು ಎಳ್ಕೊಂಡಿದೆ," ಎಂದಿತು ಒಂದು ದನಿ.

ಟೆಕ್ನಿಷಿಯನ್ ಮೊದಲು ನೋಡಿದ್ದು ಯಂತ್ರದ ಕಡೆಗೆ. ಆಮೇಲೆ ಕುರ್ಚಿಯ ಕಡೆಗೆ. "ಏನಂದ್ರಿ ಸರ್?"

"ಜಗ್ಗಿ ಜಗ್ಗಿ ಉದ್ದ ಆಗಿದೆ ಅದು. ಅಳತೆ ತಪ್ಪು ಬರತ್ತೆ."

ಆತ ಕೆಲಸ ನಿಲ್ಲಿಸಿ ಮೇಜಿನಿಂದ ಸ್ಟೀಲ್ ಸ್ಕೇಲು ತಂದು ಪಕ್ಕದಲ್ಲಿಟ್ಟ. ನಿಜವೇ. ಐದೂವರೆ ಸೆಂಟಿಮೀಟರಿಗೆ ಅರ್ಧ ಮಿಲಿಮೀಟರ್ ವ್ಯತ್ಯಾಸ. ಸುರುಳಿ ತಟ್ಟುವ ಜಾಗವೇ ನಾಣ್ಯದಷ್ಟು ಅಗಲವಿರುವಾಗ ಅಷ್ಟರಿಂದ ಏನೂ ಆಗುವುದಿಲ್ಲವೆಂದು ವಿನಯದಿಂದಲೇ ಹೇಳಿದ.

"ಕಾಲರಲ್ಲಿ ಕಾಣತ್ತೆ," ಎಂದು ತಮ್ಮ ಕಣ್ಣು ಮುಚ್ಚಿದ.

ಅಕ್ಕ ಕಾರಿಡಾರಿಗೆ ಬಂದು ನೀರು ಕುಡಿದಳು. ಆಮೇಲೆ ಶಾಲೆಯಲ್ಲಿ ಗಾಜಿನ ನಳಿಕೆಗಳನ್ನು ತೊಳೆಯುವಾಗ ತನ್ನಷ್ಟಕ್ಕೆ ನಕ್ಕಿದ್ದಕ್ಕೆ ವಿಜ್ಞಾನದ ಮೇಷ್ಟ್ರು ಯಾಕೆಂದು ಕೇಳಿದರು. ಏನಿಲ್ಲ, ನಮ್ಮ ತಮ್ಮ ಒಬ್ಬರ ಕೆಲಸದಲ್ಲಿ ತಪ್ಪು ಹುಡುಕಿದ ಎಂದಳು. ಅದರಲ್ಲಿ ನಗುವಂಥದ್ದೇನಿದೆ ಎಂದು ಅವರಿಗೆ ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ಹಾಸಿಗೆ ಖಾಲಿ. ಮೊಳೆಯಲ್ಲಿ ಅಂಗಡಿಯ ಬೀಗದ ಕೈ ಇಲ್ಲ. ಕೆದರಿದ ತಲೆಯಲ್ಲೇ ಇಳಿದು ಓಡಿದವಳಿಗೆ ಅವನು ಮೆಟ್ಟಿಲ ತಿರುವಿನಲ್ಲೇ ಎದುರಾದ. ಒಂದು ಕೈ ಕಂಬಿಯ ಮೇಲಿತ್ತು, ಇನ್ನೊಂದರಲ್ಲಿ ಸುತ್ತಿಟ್ಟ ಹೊಸ ಟೇಪು. ಏಳು ತಿಂಗಳಲ್ಲಿ ಒಬ್ಬನೇ ಹೊರಗೆ ಹೋಗಿದ್ದು ಇದೇ ಮೊದಲು. ಅಪ್ಪಿಕೊಳ್ಳಬೇಕೋ ಎರಡು ಬಿಗಿಯಬೇಕೋ ಅವಳಿಗೆ ತಿಳಿಯಲಿಲ್ಲ.

"ಹೇಳಿ ಹೋಗೋಕೆ ಏನೋ ರೋಗ ನಿಂಗೆ?"

"ಅದನ್ನೇ ಹುಡುಕ್ತಿದಾರಲ್ಲ, ಅಳತೆ ಹಿಡ್ಕೊಂಡು," ಎಂದ. ಏದುಸಿರು ಬಿಡುತ್ತಿದ್ದ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು, ಅವನೂ ಕೂತ. ಮೇಲಿನ ಮನೆಯವರು ಕೆಲಸಕ್ಕೆ ಹೊರಟು ಇಬ್ಬರ ನಡುವೆ ದಾರಿ ಮಾಡಿಕೊಂಡು ಇಳಿದುಹೋದರು.

ಅಲ್ಲಿಂದಾಚೆ ಎಲ್ಲ ನೇರವಾಗಿಯೇ ನಡೆಯಿತೆಂದಲ್ಲ. ಐದನೆಯ ವಾರದಲ್ಲಿ ಎರಡು ದಿನ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ. ಅವಳೇ ಅಂಗಿಯ ಗುಂಡಿ ಹಾಕಿ ಕರೆದೊಯ್ಯಬೇಕಾಯಿತು. ಮೂರನೆಯ ದಿನ, ದಿಂಬು ಎತ್ತರವಾಯಿತು ಎಂದ. ನಾಲ್ಕನೆಯ ದಿನ, ಕರ್ಟನ್ನಿನ ಅಂಚು ಸೊಟ್ಟಗಿದೆ, ಯಾರು ಹೊಲಿದಿದ್ದು ಎಂದು ಕೇಳಿದ. ನೀನೇ ಎಂದಳು. ಹೌದೇ ಎಂದು ಎದ್ದು ಹೋಗಿ ಬಹಳ ಹೊತ್ತು ನೋಡಿದ.

ಮೂವತ್ತನೆಯ ದಿನ ಡಾಕ್ಟರು ಪ್ರಶ್ನೆಗಳ ಹಾಳೆ ತುಂಬಿಸಿಕೊಂಡು, ಖಿನ್ನತೆಯ ಅಂಕ ಮೊದಲಿದ್ದದ್ದರಲ್ಲಿ ಅರ್ಧಕ್ಕಿಂತ ಕೆಳಗಿಳಿದಿದೆ ಎಂದರು. ಮಾತ್ರೆ ನಿಲ್ಲಿಸುವಂತಿಲ್ಲ. ಮತ್ತೆ ಬರಬಹುದು, ಬಂದರೆ ತಡ ಮಾಡಬೇಡಿ ಎಂದರು. ತಮ್ಮ ಹೊಸ ಟೇಪನ್ನು ಟೆಕ್ನಿಷಿಯನ್ನನಿಗೇ ಬಿಟ್ಟು, ಹಳೆಯದನ್ನು ಅವನ ಕಣ್ಣೆದುರೇ ಕಸದ ಬುಟ್ಟಿಗೆ ಹಾಕಿ ಬಂದ.

ಮನೆಗೆ ಬಂದವಳೇ ಅಕ್ಕ ಹಿಂದಿನ ಕೋಣೆಯ ಬಾಗಿಲು ತೆರೆದಳು. ಹಿಂದಿನ ದಿನವಷ್ಟೇ ಬಂದಿದ್ದ ಮೇಜು ಕಿಟಕಿಗೆ ಒತ್ತಿ ನಿಂತಿತ್ತು. ತಮ್ಮ ಅದರ ಸುತ್ತ ಒಂದು ಸುತ್ತು ಬಂದ. ಅಂಚು ಸವರಿ, ಮೂಲೆಗೆ ಅಂಗೈ ಒತ್ತಿ ಅಲ್ಲಾಡುವುದೋ ಎಂದು ನೋಡಿದ. ಎತ್ತರ ಅವನ ಸೊಂಟಕ್ಕೆ ಸರಿಯಾಗಿತ್ತು.

"ಮೇಜು ಚೆನ್ನಾಗಿದೆ," ಎಂದ.

"ಹಾಗಾದ್ರೆ ನಾಳೆ ಮಷೀನ್ ತರಿಸ್ಲಾ?"

"ಬೇಡ."

"ನಾಳೆ ಬೇಡ್ವೋ, ಮಷೀನ್ ಬೇಡ್ವೋ?"

"ಎರಡೂ ಬೇಡ. ನಾನಿಲ್ಲಿ ಇರಲ್ಲ ಅಕ್ಕ." ಅಂಗಡಿಯ ಮಾಲೀಕರ ಜೊತೆ ತಾನೇ ಮಾತಾಡಿದ್ದೇನೆ, ಇವತ್ತೇ ಹೋಗಿ ಕಸ ಹೊಡೆಯಬೇಕು ಎಂದ. ಮಾತ್ರೆ ಯಾರು ನೆನಪಿಸುತ್ತಾರೆ ಎಂದು ಅವಳು ಕೇಳಿದಳು. ನೀನೇ ಫೋನ್ ಮಾಡು, ಬಿಡ್ತೀಯಾ ಎಂದ. ಮತ್ತೆ ಹಾಗೇ ಆದರೆ?

"ಬಂದು ಬಿದ್ಕೋತೀನಿ. ಬಾಗಿಲು ತೆಗಿ, ಅಷ್ಟು ಸಾಕು."

ಅವಳು ಮೇಜಿನ ಮೇಲಿಲ್ಲದ ಧೂಳನ್ನು ಸೆರಗಿನಿಂದ ಒರೆಸಿದಳು. ಅಷ್ಟರಲ್ಲಿ ಅವನು ಬಾಗಿಲ ಬಳಿ ಹೋಗಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದ. ಮಧ್ಯಾಹ್ನದ ಬಿಸಿಲು ಹೊಸ್ತಿಲವರೆಗೆ ಬಂದಿತ್ತು.

"ಊಟ ಮಾಡ್ಕೊಂಡಾದ್ರೂ ಹೋಗೋ."

ತಮ್ಮ ಒಂದು ಕೈಯಲ್ಲಿ ಚೌಕಟ್ಟು ಹಿಡಿದು ನಿಂತ.

"ಬೇಡ," ಎಂದ. "ನಿನ್ನ ಅಡುಗೇಲಿ ಉಪ್ಪಿರಲ್ಲ ಅಕ್ಕ. ಏಳು ತಿಂಗಳಿಂದ ಇಲ್ಲ."