ಸಾಗವಾನಿಯ ಟೆಲಿಕಾಸ್ಟರ್

ರಿಪೇರಿ ಅಂಗಡಿಯಲ್ಲಿ ಗಿಟಾರಿನ ಮೂರನೆಯ ಸ್ಕ್ರೂ ಹೊರಬರುತ್ತಿದ್ದಾಗ ಧನಶ್ರೀಯ ಫೋನು ಮತ್ತೆ ಗುಂಯ್‌ಗುಟ್ಟಿತು. ಅಪ್ಪ. ಅವಳು ಎತ್ತಲಿಲ್ಲ. ಸಂಜೆ ಆರಕ್ಕೆ ಬಬಲೇಶ್ವರದಲ್ಲಿ ಅವಳ ಮೊದಲ ಕಾರ್ಯಕ್ರಮ. ಈಗಲೇ ಮೂರು ದಾಟಿತ್ತು. ಗಿಟಾರಿನ ನೆಕ್, ಅಂದರೆ ತಂತಿ ಹಾಯುವ ಉದ್ದನೆಯ ಹಿಡಿ, ಬಾಗಿ ಯಾವ ತಂತಿ ಮುಟ್ಟಿದರೂ ಗರಗರ ಸದ್ದು.

"ಒಳಗಿನ ಸಲಾಕಿ ಬಿಗಿ ಮಾಡಬೇಕು ತಂಗಿ. ನೆಕ್ ಬಿಚ್ಚಲಾರದ ಆಗೂದಿಲ್ಲ," ಎಂದು ರೇಡಿಯೊ ರಿಪೇರಿಯ ಹಸನಸಾಬರು ಮೊದಲೇ ಹೇಳಿದ್ದರು.

ಅದು ಟೆಲಿಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರು. ಎಪ್ಪತ್ತೈದು ವರ್ಷಗಳ ಹಿಂದೆ ಅಮೆರಿಕದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವನೊಬ್ಬ, ತನಗೇ ಗಿಟಾರು ನುಡಿಸಲು ಬಾರದವನು, ರೂಪಿಸಿದ ಮಾದರಿ. ಟೊಳ್ಳಿಲ್ಲದ ಹಲಗೆಯ ಒಡಲು, ನಾಲ್ಕು ಸ್ಕ್ರೂಗಳಿಂದ ಕೂಡಿಸಿದ ನೆಕ್. ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ಇದನ್ನೆಲ್ಲ ಅವಳಿಗೆ ಹೇಳಿದವರು ಅಪ್ಪ ಧೀರೇಂದ್ರ, ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿದವರು. ಮುಂಬಯಿಯ ಗುರುಗಳು ಕೊಟ್ಟ ಅಸಲಿ ಅಮೆರಿಕದ ಗಿಟಾರು ಎನ್ನುತ್ತಿದ್ದರು. ಆದರೆ ಬಿಚ್ಚಲೆಂದೇ ಮಾಡಿದ ಅದನ್ನು ಯಾರಿಗೂ ಬಿಚ್ಚಗೊಟ್ಟಿರಲಿಲ್ಲ. ಇಂದು ಅವರು ಮಧ್ಯಾಹ್ನ ಮಲಗಿದಾಗ ಅವಳು ಅದನ್ನು ಜಲನಗರದ ಮನೆಯಿಂದ ಆಟೊದಲ್ಲಿ ತಂದಿದ್ದಳು.

ಕೊನೆಯ ಸ್ಕ್ರೂ ಬಂತು. ಹಸನಸಾಬರು ನೆಕ್ ಎತ್ತಿ, ಒಡಲಿನ ಕುಳಿಯನ್ನು ಬೆಳಕಿಗೆ ಹಿಡಿದು ಧನಶ್ರೀಗೆ ತೋರಿಸಿದರು. ಬಣ್ಣ ತಾಗದ ಕಟ್ಟಿಗೆಯ ಮೇಲೆ ಪೆನ್ಸಿಲಿನ ಕನ್ನಡ ಅಕ್ಷರ: ಧೀರೇಂದ್ರ, ತೊರವಿ, ೧೯೯೧. ತೊರವಿ ಅಪ್ಪನ ಊರು.

"ನಮ್ಮ ಕಡೀ ಸಾಗವಾನಿ ಐತಿ," ಎಂದರು ಮೆಲ್ಲಗೆ.

ಬಾಗಿಲಲ್ಲಿ ಏದುಸಿರು ಕೇಳಿಸಿತು. ಇಂಥ ಕೆಲಸಕ್ಕೆ ಊರಲ್ಲಿ ಇದೊಂದೇ ಅಂಗಡಿ ಎಂದು ಅಪ್ಪನಿಗೆ ಗೊತ್ತಿತ್ತು. ಬಿಚ್ಚಿದ ಗಿಟಾರು ಕಂಡದ್ದೇ ಅವರು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ಧನಶ್ರೀಗೆ ಮೈಯೆಲ್ಲ ಉರಿಯಿತು. ಅಮೆರಿಕದ ಗಿಟಾರೆಂದು ಅವಳೇ ಎಲ್ಲರಿಗೂ ಹೇಳಿಕೊಂಡಿದ್ದಳು. ಕಾರ್ಯಕ್ರಮದವರು ಅದನ್ನೇ ಚೀಟಿಯಲ್ಲಿ ಬರೆದುಕೊಂಡಿದ್ದರು.

"ಈಗ ಅಲ್ಲಿ ಏನ್ ಹೇಳ್ಲಿ ಅಪ್ಪಾ?"

"ಕ್ಯಾಸೆಟ್ಟಿನ ಮ್ಯಾಲಿನ ಫೋಟೋ ನೋಡಿ ಕೊರದೆ," ಎಂದರು ಅವರು, ನೆಲ ನೋಡುತ್ತ. "ನಾನ ಮಾಡೇನಿ ಅಂದಿದ್ರ ಯಾರೂ ಸ್ಟೇಜ್ ಹತ್ತಗೊಡ್ತಿರಲಿಲ್ಲ."

ಹಸನಸಾಬರು ಸಲಾಕೆ ಬಿಗಿದು, ನೆಕ್ ಕೂಡಿಸಿ, ತಂತಿ ಶ್ರುತಿ ಮಾಡಿ ಕೊಟ್ಟರು. ಗರಗರ ಹೋಗಿತ್ತು. ಬಸ್ಸಿನಲ್ಲಿ ಅಪ್ಪ, ಮಗಳು ಬೇರೆ ಬೇರೆ ಸೀಟಿನಲ್ಲಿ ಕೂತರು.

ಬಬಲೇಶ್ವರದಲ್ಲಿ ವೇದಿಕೆಯ ಪಕ್ಕ ನಿರೂಪಕ ಚೀಟಿ ಹಿಡಿದು ಬಂದ. ಧನಶ್ರೀ ಅವನ ಪೆನ್ನು ಇಸಿದುಕೊಂಡು ಅಮೆರಿಕದ ಗಿಟಾರೆಂಬ ಸಾಲನ್ನು ಹೊಡೆದುಹಾಕಿದಳು. ಅದರ ಕೆಳಗೆ ಇನ್ನೊಂದು ಸಾಲು ಬರೆದಳು.

ಮೈಕಿನಲ್ಲಿ ಗಿಟಾರು ಮಾಡಿದವರೆಂದು ತಮ್ಮ ಹೆಸರು ಕೇಳಿಸಿದಾಗ ಹಿಂದಿನ ಸಾಲಿನಲ್ಲಿದ್ದ ಧೀರೇಂದ್ರ ತಲೆ ಎತ್ತಲಿಲ್ಲ. ಜನ ಹೊರಳಿ ಹೊರಳಿ ನೋಡಿದರು. ಮಗಳು ಮೊದಲ ಸ್ವರ ಮೀಟುವ ಮುನ್ನವೇ ಅವರ ಎಡಗೈಯ ಬೆರಳುಗಳು ತೊಡೆಯ ಮೇಲೆ ಆ ಸ್ವರದ ಜಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದವು.