ಸಿಹಿನೀರಿನ ಕ್ಯಾಪ್ಟನ್

ಗುಬ್ಬಿಯ ಬಸವರಾಜ್ ಮೂವತ್ತು ವರ್ಷ ನೌಕಾಪಡೆಯಲ್ಲಿದ್ದವರು. ಅದರಲ್ಲಿ ಇಪ್ಪತ್ತೆಂಟು ವರ್ಷ ದಡದ ಉಗ್ರಾಣದಲ್ಲಿ ಬೂಟು, ಕಂಬಳಿ ಎಣಿಸಿದ್ದರೆಂಬುದನ್ನು ಅವರನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದ ಊರಲ್ಲಿ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ನಿವೃತ್ತರಾದ ಮೇಲೆ ಹಳೆಯದೊಂದು ಹಾಯಿದೋಣಿ ಕೊಂಡು ಗೋವಾದಿಂದ ಮಾರಿಷಸ್‌ಗೆ ಹೊರಟರು. ಜೊತೆಗೆ ತಂಗಿಯ ಮಗಳು ಭೂಮಿಕಾ. ತುಮಕೂರಿನ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್, ರಜೆಗಳಲ್ಲಿ ಗೋವಾಕ್ಕೆ ಹೋಗಿ ಹಾಯಿ ನಡೆಸುವುದನ್ನು ಕಲಿತಿದ್ದಳು.

ಮೊದಲ ಮೂರು ದಿನ ಕ್ಯಾಪ್ಟನ್ ಸಾಹೇಬರು ಬಕೆಟ್ಟಿನೊಳಗೆ ಮುಖವಿಟ್ಟುಕೊಂಡೇ ಆಜ್ಞೆ ಕೊಟ್ಟರು. ಚುಕ್ಕಾಣಿ ಹಿಡಿಯುವ ಪಾಳಿಯ ಪಟ್ಟಿಯನ್ನು ಅವರೇ ಬರೆದು ಅಂಟಿಸಿದ್ದರು. ಅವರ ಪಾಳಿಯನ್ನೂ ಭೂಮಿಕಾಳೇ ಮಾಡಿದಳು. ನಾಲ್ಕನೇ ದಿನ, ವಾಲಾಡುವ ದೋಣಿಯಲ್ಲಿ ಬೆನ್ನನ್ನು ಗೋಡೆಗೊತ್ತಿ ಮುದ್ದೆ ತಿರುವಿ ಬಡಿಸಿದಳು.

"ಗಂಟಾಗೈತೆ," ಎಂದರು ಮಾವ. ಉಂಡಿದ್ದು ಹೊಟ್ಟೆಯಲ್ಲಿ ಉಳಿದ ಖುಷಿ ಅದು.

ಹದಿನಾಲ್ಕನೇ ದಿನ ಸಮಭಾಜಕ ವೃತ್ತದ ಹತ್ತಿರ ಗಾಳಿ ನಿಂತೇ ಹೋಯಿತು. ಭೂಮಿಕಾ ನೀರಿನ ಟ್ಯಾಂಕ್ ನೋಡಿದರೆ ಕಾಲು ಭಾಗವೂ ಇಲ್ಲ.

"ಮಾವ, ನೀರೆಲ್ಲ ಎಲ್ಲೋಯ್ತು?"

"ಸ್ನಾನ ಮಾಡ್ದೆ ಪೂಜೆಗೆ ಕೂರಕ್ಕಾಯ್ತದೇನಮ್ಮ?"

"ಸುತ್ತ ಇಷ್ಟು ನೀರೈತಲ್ಲ, ಅದ್ರಲ್ಲಿ ಮಾಡಿ."

"ಮೈಯೆಲ್ಲ ಅಂಟಂಟು ಕಣೇ!"

ಅವಳು ಟ್ಯಾಂಕಿನ ಪಂಪಿನ ಹಿಡಿ ಬಿಚ್ಚಿ ಜೇಬಿಗಿಳಿಸಿದಳು. ಅಂದಿನಿಂದ ಕ್ಯಾಪ್ಟನ್‌ಗೆ ಕುಡಿಯಲು ಎರಡು ಲೀಟರ್, ಪೂಜೆಗೊಂದು ಲೋಟ. ಸ್ನಾನಕ್ಕೆ ಇಡೀ ಹಿಂದೂ ಮಹಾಸಾಗರ. ಮಾವ ಮಾತು ಬಿಟ್ಟರು. ಮೂವತ್ತು ಅಡಿ ದೋಣಿಯಲ್ಲಿ ಇಬ್ಬರೇ ಇರುವಾಗ ಮಾತು ಬಿಡುವುದಕ್ಕೂ ಎದೆಗಾರಿಕೆ ಬೇಕು.

ಗಾಳಿ ನಿಂತ ಆರನೇ ದಿನ ಮಧ್ಯಾಹ್ನ ಕರಿಮೋಡವೊಂದು ಗಾಳಿ ಮಳೆ ಎರಡನ್ನೂ ಹೊತ್ತು ಬಂದು ಎರಗಿತು. ಹಾಯಿ ಇಳಿಸಲು ಭೂಮಿಕಾ ಚುಕ್ಕಾಣಿಯನ್ನು ಮಾವನ ಕೈಗಿತ್ತು, ಸೊಂಟಕ್ಕೆ ಹಗ್ಗ ಬಿಗಿದು ಹಾಯಿಕಂಬದತ್ತ ತೆವಳಿದಳು.

"ಗಾಳಿಗೆ ಎದುರಾಗಿ ಹಿಡ್ಕಳಿ ಮಾವ! ಬುಡ್ಬೇಡಿ!"

ಮಾವ ಬಿಡಲಿಲ್ಲ. ಅವಳು ಮರಳಿದಾಗ ಅವರ ಅಂಗೈ ಸುಲಿದಿತ್ತು.

"ಸ್ಟೋರ್‌ನಲ್ಲಿ ಇಂಥದ್ದೆಲ್ಲ ಬರ್ತಿರ್ಲಿಲ್ಲ," ಎಂದುಬಿಟ್ಟರು.

"ಯಾವ ಸ್ಟೋರು?"

ಮಳೆಯಲ್ಲಿ ನೆನೆಯುತ್ತಲೇ ಇಪ್ಪತ್ತೆಂಟು ವರ್ಷದ ಕಥೆ ಹೊರಬಂತು. ಭೂಮಿಕಾ ಹೊಟ್ಟೆ ಹಿಡಿದು ನಕ್ಕಳು, ಆಮೇಲೆ ಅವರ ಅಂಗೈಗೆ ಬಟ್ಟೆ ಸುತ್ತಿದಳು. ಇಬ್ಬರೂ ಟಾರ್ಪಾಲಿನಲ್ಲಿ ಮಳೆನೀರು ಹಿಡಿದು ಟ್ಯಾಂಕಿಗೆ ತುಂಬಿದರು. ಉಳಿದ ದಿನಗಳಲ್ಲಿ ಮಾವ ತಮ್ಮ ಪಾಳಿಯನ್ನು ತಾವೇ ಮಾಡಿದರು.

ಇಪ್ಪತ್ತೊಂಬತ್ತನೇ ದಿನ ಮಾರಿಷಸ್ ಬಂದರಿನಲ್ಲಿ ಫಾರಂ ಕೊಟ್ಟರು. ಕ್ಯಾಪ್ಟನ್ ಎಂಬಲ್ಲಿ ಮಾವ ಭೂಮಿಕಾಳ ಹೆಸರು ಬರೆದರು. ಕೆಳಗೆ, ಸಿಬ್ಬಂದಿ ಎಂಬಲ್ಲಿ, ತಮ್ಮ ಹೆಸರು. ಬಾಯ್ತೆರೆದು ನೋಡುತ್ತಿದ್ದವಳ ಕಿವಿಯ ಬಳಿ ಬಗ್ಗಿದರು.

"ಗುಬ್ಬೀಲಿ ಈ ಫಾರಂ ವಿಷ್ಯ ಎತ್ಬೇಡ ಕಣಮ್ಮ."